ಎಲೆಕ್ಷನ್ ಟೈಮಲ್ಲಿ ಕೋವಿ ಸ್ಟೇಷನ್ನಲ್ಲಿತ್ತು

(ಬಸವನಗುಡಿಯ ಒಂದು ಸಣ್ಣ ಹಾಲಲ್ಲಿ ಭಾನುವಾರ ಬೆಳಗ್ಗೆ ಮಾತಾಡಿದ್ದು. ಬರಕ್ಕಾಗದೇ ಇದ್ದವರು ಕೇಳಿದ್ರು ಅಂತ ಫೋನ್ ರೆಕಾರ್ಡಿಂಗ್ ಹಾಕ್ಕೊಂಡು ಟೈಪ್ ಮಾಡಿದೀನಿ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದೀನಿ, ಆವತ್ತು ಹೇಳೋಕೆ ಮರೆತಿದ್ದನ್ನ ಒಂದೆರಡು ಕಡೆ ಸೇರ್ಸಿದೀನಿ.)

ಎಲ್ರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ಗಂಡಸ್ತನ, ಸಂಸ್ಕೃತಿ ಮತ್ತು ಬಂದೂಕು. ಆಹ್ವಾನದ ಕಾರ್ಡ್ ನೋಡಿ ನಮ್ಮನೆಯವಳು ಕೇಳಿದ್ಲು, ಬೆಂಗಳೂರಲ್ಲಿ ಯಾರ ಹತ್ರ ರೀ ಬಂದೂಕಿದೆ, ಇಲ್ಲಿ ಪಾರ್ಕಿಂಗಿಗೆ ಹೊಡೆದಾಡೋದು ಕಲ್ಲು ಹೆಲ್ಮೆಟ್ಟಲ್ಲಿ ಅಲ್ವಾ ಅಂತ. ಸರಿಯಾದ ಪ್ರಶ್ನೆ. ಅದಕ್ಕೇ ಬಂದೂಕಿಂದ ಶುರು ಮಾಡದೆ ನನ್ನದೇ ಒಂದು ಮರ್ಯಾದೆಗೇಡಿನ ಕತೆಯಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ, ಸಿಲ್ಕ್ ಬೋರ್ಡ್ ಹತ್ರ, ಸಂಜೆ ಏಳು ಗಂಟೆ, ಗಾಡಿಗಳು ಇರುವೆ ಥರ ತೆವಳ್ತಿದಾವೆ, ಹಿಂದಿಂದ ಬಂದ ಒಬ್ಬ ಬೈಕ್ ಹುಡುಗ ನನ್ನ ಕಾರಿನ ಮಿರರ್ ತಾಗಿಸ್ಕೊಂಡು ಮುಂದೆ ಹೋಗಿ ನಿಂತು, ತಿರುಗಿ ನೋಡಿ, "ಅಂಕಲ್, ಗಾಡಿ ಓಡ್ಸಕ್ಕೆ ಬರಲ್ವಾ?" ಅಂದ. ಅಷ್ಟೇ ಅಂದಿದ್ದು. ಮಿರರ್ ಮುರಿದೂ ಇರ್ಲಿಲ್ಲ, ಮಡಚ್ಕೊಂಡಿತ್ತು. ನಾನು ಡೋರ್ ತೆಗೆದು ಇಳಿದೆ. ಐವತ್ತೆರಡು ವರ್ಷ, ಪಿಯು ಕಾಲೇಜಲ್ಲಿ ಮೇಷ್ಟ್ರು, ದಿನಾ ಬಿಪಿ ಮಾತ್ರೆ ನುಂಗೋ ಮನುಷ್ಯ, ರೋಡ್ ಮಧ್ಯ ನಿಂತು "ಗಂಡಸಾಗಿದ್ರೆ ಗಾಡಿ ಸೈಡಿಗೆ ಹಾಕೋ" ಅಂತ ಕೂಗ್ತಿದೀನಿ. ಸಿಲ್ಕ್ ಬೋರ್ಡಲ್ಲಿ ಸೈಡ್ ಅನ್ನೋದು ಎಲ್ಲಿದೆ ಹೇಳಿ. ಅಷ್ಟರಲ್ಲಿ ಮುಂದಿನ ಗಾಡಿ ಸರೀತು, ಅವನು ಹೋದ, ಹಿಂದಿನವರು ಹಾರ್ನ್ ಹೊಡೆದ್ರು, ನಾನು ಬಂದು ಕೂತೆ. ಹಿಂದಿನ ಸೀಟಲ್ಲಿದ್ದ ಮಗಳು ಕೇಳಿದ್ಲು, "ಅಪ್ಪ, ಅವನು ಏನಂದ?" ನನಗೆ ಹೇಳಕ್ಕಾಗ್ಲಿಲ್ಲ. ಹೇಳಿದ್ರೆ ಅವಳು ನಕ್ಕುಬಿಡ್ತಿದ್ಲು.

ಮನೆಗೆ ಬಂದ್ಮೇಲೆ ಯೋಚ್ನೆ ಮಾಡಿದೆ, ಆ ನಲವತ್ತು ಸೆಕೆಂಡಲ್ಲಿ ನನ್ನ ಡ್ಯಾಶ್‌ಬೋರ್ಡ್ ಬಾಕ್ಸಲ್ಲಿ ಏನಿತ್ತು? ಆರ್‌ಸಿ, ಇನ್ಶೂರೆನ್ಸ್, ಹಳೇ ಟೋಲ್ ಚೀಟಿ, ಅರ್ಧ ಪಟ್ಟಿ ಜೆಲುಸಿಲ್. ಇದೇ ನಾನು, ಇದೇ ಕೋಪ, ಇದೇ ಅಂಕಲ್ ಅನ್ನೋ ಮಾತು, ಟೆಕ್ಸಾಸಲ್ಲೋ ಕನ್ಸಾಸಲ್ಲೋ ಆಗಿದ್ರೆ ಆ ಬಾಕ್ಸಲ್ಲಿ ಬೇರೆ ಏನೋ ಇರ್ತಿತ್ತು. ನಾನು ಒಳ್ಳೆಯವನು ಅಂತ ಆವತ್ತು ಏನೂ ಆಗ್ಲಿಲ್ಲ ಅಂತ ಅಂದ್ಕೊಂಡ್ರೆ ಅದು ಸುಳ್ಳು. ಕೈಗೆ ಸಿಗೋ ಹಾಗೆ ಏನೂ ಇರ್ಲಿಲ್ಲ, ಅದಕ್ಕೇ ಏನೂ ಆಗ್ಲಿಲ್ಲ.

ಈಗ ನಮ್ಮ ಮಾತುಗಳನ್ನೇ ನೋಡಿ. ಧೈರ್ಯಕ್ಕೆ ಗಂಡೆದೆ ಅಂತೀವಿ. ಎದೆಗೆ ಗುಂಡಿಗೆ ಅಂತೀವಿ, "ಗುಂಡಿಗೆ ಇದ್ರೆ ಬಾ" ಅಂತ ಕರೀತೀವಿ. ಕೋವಿಯಿಂದ ಹಾರೋದೂ ಗುಂಡು, ಶನಿವಾರ ರಾತ್ರಿ ಬಾರಲ್ಲಿ ಹಾಕೋದೂ ಗುಂಡು. ಹಿಂದೆ ಸರಿದವನಿಗೆ "ಬಳೆ ತೊಟ್ಕೋ". ಅತ್ತವನಿಗೆ "ಹೆಂಗಸರ ಥರ ಅಳ್ತೀಯಲ್ಲೋ". ಒಬ್ಬ ಹುಡುಗ ಹತ್ತು ವರ್ಷಕ್ಕೆ ಬರೋಷ್ಟ್ರಲ್ಲಿ ಇವೆಲ್ಲ ಅವನ ಕಿವಿ ಮೇಲೆ ಎಷ್ಟು ಸಲ ಬಿದ್ದಿರುತ್ತೆ ಲೆಕ್ಕ ಹಾಕಿ. ಮೂವತ್ತು ವರ್ಷದಿಂದ ಹದಿನಾರು ಹದಿನೇಳರ ಹುಡುಗರ ಜೊತೆ ಇರೋನು ನಾನು, ಒಂದು ಮಾತು ಗ್ಯಾರಂಟಿ ಹೇಳ್ತೀನಿ. ಫೇಲಾದ ಹುಡುಗಿ ಅಳ್ತಾಳೆ, ನಾಚ್ಕೋತಾಳೆ, ಫ್ರೆಂಡ್ ಹೆಗಲಿಗೆ ಒರಗ್ತಾಳೆ. ಫೇಲಾದ ಹುಡುಗ ಬೆಂಚಿಗೆ ಗುದ್ದುತಾನೆ. ಅವನಿಗೂ ಆಗಿರೋದು ಅವಮಾನಾನೇ, ಆದ್ರೆ ಅದನ್ನ ಹೊರಗೆ ಹಾಕೋಕೆ ನಾವು ಅವನಿಗೆ ಕೊಟ್ಟಿರೋ ಬಾಗಿಲು ಒಂದೇ, ಸಿಟ್ಟು. ಸಿಟ್ಟು ಬಂದ್ರೆ ಗಂಡಸು, ಬೇಜಾರಾದ್ರೆ ಪುಕ್ಕಲ.

ಅಮೆರಿಕಕ್ಕೆ ಬರ್ತೀನಿ, ಯಾಕಂದ್ರೆ ಈ ವಿಷಯ ಅಂದ ತಕ್ಷಣ ಎಲ್ರ ತಲೆಗೆ ಬರೋದು ಅದೇ ದೇಶ. ಅಲ್ಲಿ ಜನರ ಕೈಲಿರೋ ಬಂದೂಕು ಸುಮಾರು 39 ಕೋಟಿ ಅಂತ 2018ರಲ್ಲಿ ಬಂದ ಸ್ಮಾಲ್ ಆರ್ಮ್ಸ್ ಸರ್ವೆ ಲೆಕ್ಕ ಹೇಳುತ್ತೆ, ಅಂದ್ರೆ ನೂರು ಜನಕ್ಕೆ 120, ತಲೆಗಿಂತ ಕೋವಿ ಜಾಸ್ತಿ. 2021 ಒಂದೇ ವರ್ಷದಲ್ಲಿ ಅಲ್ಲಿ ಬಂದೂಕಿಂದ ಸತ್ತವರು 48,830 ಜನ. ಟಿವಿ ನೋಡಿ ನಮಗೆ ಅನ್ಸೋದು ಇವರೆಲ್ಲ ಸ್ಕೂಲು ಮಾಲಲ್ಲಿ ಯಾರೋ ಹುಚ್ಚ ನುಗ್ಗಿ ಹೊಡೆದು ಸತ್ತವರು ಅಂತ. ಅಲ್ಲ. ಅದರಲ್ಲಿ 26,328 ಆತ್ಮಹತ್ಯೆ, ಅರ್ಧಕ್ಕಿಂತ ಜಾಸ್ತಿ. ಕೊಲೆ ಅಂತ ಲೆಕ್ಕ ಆಗಿರೋದು ಸುಮಾರು 21 ಸಾವಿರ. ಒಟ್ಟು ಸತ್ತವರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಗಂಡಸರು, ಹೊಡೆದವರಲ್ಲೂ ಗಂಡಸರೇ ಜಾಸ್ತಿ. ಸ್ಕೂಲಿಗೆ ನುಗ್ಗೋರ ಪಟ್ಟಿ ನೋಡಿದ್ರಂತೂ ಹೆಚ್ಚುಕಮ್ಮಿ ಎಲ್ಲಾ ಗಂಡುಮಕ್ಕಳೇ.

ಇದಕ್ಕೆ ಯಾವಾಗ್ಲೂ ಬರೋ ಉತ್ರ ಮಾನಸಿಕ ಕಾಯಿಲೆ. ಡಿಪ್ರೆಶನ್ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ ಕಾಣೋದು ಅಂತ ಡಾಕ್ಟರುಗಳು ಹೇಳ್ತಾರೆ, ಹಾಗಾದ್ರೆ ಗನ್ ಹಿಡ್ಕೊಂಡು ಸ್ಕೂಲಿಗೆ ನುಗ್ಗೋ ಹುಡುಗಿಯರು ಯಾಕೆ ಇಷ್ಟು ಅಪರೂಪ? ವಿಡಿಯೋ ಗೇಮ್ ಅಂತಾರೆ, ಜಪಾನಿನ ಹುಡುಗರೂ ಆಡ್ತಾರಪ್ಪ. ಮುಂದೆ ಹೋಗೋಣ.

ನನ್ನನ್ನ ನಿಜಕ್ಕೂ ಕಾಡಿದ್ದು ಒಂದು ಜಾಹೀರಾತು. ಬುಷ್‌ಮಾಸ್ಟರ್ ಅಂತ ಒಂದು ರೈಫಲ್ ಬ್ರ್ಯಾಂಡ್. 2010ರ ಆಸುಪಾಸಲ್ಲಿ ಅವರು ಒಂದು ಆ್ಯಡ್ ಮಾಡಿದ್ರು, ಪೂರ್ತಿ ಕರೀ ರೈಫಲ್ ಚಿತ್ರ, ಕೆಳಗೊಂದು ಸಾಲು, ಅದನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ "ನಿನ್ನ ಗಂಡಸ್ತನದ ಕಾರ್ಡು ವಾಪಸ್ ಬಂತು ಅಂದ್ಕೋ". ರೇಷನ್ ಕಾರ್ಡ್ ಥರ! ಕ್ಯಾನ್ಸಲ್ ಆಗಿತ್ತು, ರಿನ್ಯೂ ಆಯ್ತು. ಇಂಟರ್ನೆಟ್ಟಲ್ಲಿ ಒಂದು ಆಟಾನೂ ಇಟ್ಟಿದ್ರು, ಪ್ರಶ್ನೆಗೆ ಉತ್ರ ಕೊಟ್ಟು ನೀನು ಗಂಡಸು ಅಂತ ಪ್ರೂವ್ ಮಾಡ್ಬೇಕು, ಬೇಕಿದ್ರೆ ನಿನ್ನ ಫ್ರೆಂಡಿನ ಕಾರ್ಡ್ ಕಿತ್ಕೋಬಹುದು. ತಮಾಷೆ ಅನ್ಸುತ್ತೆ ಅಲ್ವಾ, ನಮ್ಮ ಗೇಲಿನೂ ಹೀಗೇ ಇರುತ್ತೆ. 2012ರ ಡಿಸೆಂಬರ್ 14ಕ್ಕೆ ಸ್ಯಾಂಡಿ ಹುಕ್ ಅನ್ನೋ ಪ್ರೈಮರಿ ಸ್ಕೂಲಲ್ಲಿ 20 ಮಕ್ಕಳು, 6 ಜನ ದೊಡ್ಡವರನ್ನ ಕೊಂದ ಇಪ್ಪತ್ತು ವರ್ಷದ ಹುಡುಗನ ಕೈಲಿದ್ದಿದ್ದು ಇದೇ ಬ್ರ್ಯಾಂಡಿನ ರೈಫಲ್. ಬಂದೂಕು ಮಾಡಿದ್ದಕ್ಕಲ್ಲ, ಬಂದೂಕನ್ನ ಹೀಗೆ ಮಾರಿದ್ದಕ್ಕೆ ಅಂತ ಒಂಬತ್ತು ಕುಟುಂಬಗಳು ಕೋರ್ಟಿಗೆ ಹೋದ್ವು, 2022ರ ಫೆಬ್ರವರಿಯಲ್ಲಿ ಆ ಬ್ರ್ಯಾಂಡ್ ಮಾಡ್ತಿದ್ದ ರೆಮಿಂಗ್ಟನ್ ಕಂಪನಿಯ ಇನ್ಶೂರೆನ್ಸಿನವರು 7.3 ಕೋಟಿ ಡಾಲರ್ ಕೊಡೋಕೆ ಒಪ್ಪಿದ್ರು.

ಆ ಕಾರ್ಡಿನ ವಿಷಯದಲ್ಲೇ ಇನ್ನೊಂದು ಮಾತು. ಕಾರ್ಡ್ ಅಂದ್ಮೇಲೆ ಅದನ್ನ ಯಾರಾದ್ರೂ ಯಾವಾಗ ಬೇಕಾದ್ರೂ ಕಿತ್ಕೋಬಹುದು. ಹೆಣ್ಣಿಗೆ ನೀನು ಹೆಣ್ಣೇ ಅಲ್ಲ ಅಂತ ದಿನಕ್ಕೆ ಹತ್ತು ಸಲ ಯಾರೂ ಸವಾಲು ಹಾಕಲ್ಲ (ಅವರಿಗೆ ಹಾಕೋ ಸವಾಲುಗಳು ಬೇರೆ, ಅದಕ್ಕೆ ಇನ್ನೊಂದು ಭಾನುವಾರ ಬೇಕು). ಗಂಡಸ್ತನ ಮಾತ್ರ ದಿನಾ ರೀಚಾರ್ಜ್ ಮಾಡಿಸ್ಬೇಕು. ಕೆಲಸ ಹೋದ್ರೆ ಹೋಯ್ತು, ಹುಡುಗಿ ಬೇಡ ಅಂದ್ರೆ ಹೋಯ್ತು, ಬೈಕ್ ಹುಡುಗ ಅಂಕಲ್ ಅಂದ್ರೆ ಹೋಯ್ತು.

ಡೆಲ್ಲಿಯಲ್ಲಿ 1999ರ ಏಪ್ರಿಲಲ್ಲಿ, ಒಂದು ಪಾರ್ಟಿಲಿ ಡ್ರಿಂಕ್ ಕೊಡ್ತಿದ್ದ ಮಾಡೆಲ್ ಜೆಸಿಕಾ ಲಾಲ್ ಸತ್ತಿದ್ದು ಹೇಗೆ ನೆನಪು ಮಾಡ್ಕೊಳಿ. ಬಾರ್ ಕ್ಲೋಸ್ ಆಗಿದೆ, ಡ್ರಿಂಕ್ ಕೊಡಕ್ಕಾಗಲ್ಲ ಅಂದ್ರು. ತುಂಬಿದ ಪಾರ್ಟಿಲಿ ಒಬ್ಬ ಹೆಣ್ಣುಮಗಳು ದೊಡ್ಡ ಮನೆ ಹುಡುಗನಿಗೆ ಇಲ್ಲ ಅಂದಳು, ಅವನ ಹತ್ರ ಪಿಸ್ತೂಲಿತ್ತು. ಕೆಳಗಿನ ಕೋರ್ಟು ಬಿಟ್ಟುಬಿಡ್ತು, ಜನ ಬೀದಿಗೆ ಬಂದ ಮೇಲೆ 2006ರ ಡಿಸೆಂಬರಲ್ಲಿ ಹೈಕೋರ್ಟ್ ಶಿಕ್ಷೆ ಕೊಡ್ತು. ಒಂದು ಗ್ಲಾಸ್ ಡ್ರಿಂಕು, ರೀ. ಆ ಹುಡುಗನ ಜೇಬು ಖಾಲಿ ಇದ್ದಿದ್ರೆ ಏನು ಮಾಡ್ತಿದ್ದ? ಗ್ಲಾಸ್ ಒಡೀತಿದ್ದ, "ನಾನ್ಯಾರು ಗೊತ್ತಾ" ಅಂತಿದ್ದ, ಬೌನ್ಸರುಗಳು ಎತ್ತಿ ಹೊರಗೆ ಹಾಕ್ತಿದ್ರು.

ಉತ್ತರ ಭಾರತದ ಮದುವೆಗಳಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರ್ಸೋದು ನೋಡಿರ್ತೀರ, ಆ ಗುಂಡು ಕೆಳಗೆ ಬಂದೇ ಬರುತ್ತೆ ಅನ್ನೋದು ಯಾರಿಗೂ ನೆನಪಿರಲ್ಲ. 2019ರಲ್ಲಿ ಆರ್ಮ್ಸ್ ಆ್ಯಕ್ಟಿಗೆ ತಿದ್ದುಪಡಿ ತಂದು ಹೀಗೆ ಹಾರ್ಸಿದ್ರೆ ಎರಡು ವರ್ಷದವರೆಗೆ ಜೈಲು ಇಲ್ಲಾ ಒಂದು ಲಕ್ಷದವರೆಗೆ ದಂಡ ಅಂತ ಮಾಡಿದ್ರು, ಒಬ್ಬರಿಗೆ ಮೂರು ಬಂದೂಕು ಇಟ್ಕೋಬಹುದು ಅಂತ ಇದ್ದಿದ್ದನ್ನ ಎರಡಕ್ಕೆ ಇಳಿಸಿದ್ರು. ಭಾರತದಲ್ಲಿ ಬಂದೂಕೇ ಇಲ್ಲ ಅನ್ಕೋಬೇಡಿ. ಅದೇ ಸರ್ವೆ ಪ್ರಕಾರ ನಮ್ಮ ಜನರ ಕೈಲಿ 7 ಕೋಟಿ ಚಿಲ್ರೆ ಇದೆ, ಲೆಕ್ಕದಲ್ಲಿ ಅಮೆರಿಕದ ನಂತರ ನಾವೇ, ಅದರಲ್ಲಿ ಲೈಸೆನ್ಸ್ ಇರೋದು ಒಂದು ಕೋಟಿಗೂ ಕಮ್ಮಿ. ಆದ್ರೆ ಜನಸಂಖ್ಯೆಗೆ ಹಂಚಿದ್ರೆ ನೂರಕ್ಕೆ ಐದು ಅಷ್ಟೇ. ಬೆಂಗಳೂರಲ್ಲಿ ಲೈಸೆನ್ಸ್ ಬೇಕಂದ್ರೆ ಪೊಲೀಸ್ ಕಮಿಷನರ್ ಆಫೀಸಿಗೆ ಅರ್ಜಿ ಹಾಕ್ಬೇಕು, ಇಪ್ಪತ್ತೊಂದು ತುಂಬಿರ್ಬೇಕು, ವೆರಿಫಿಕೇಶನ್, ಮೆಡಿಕಲ್, ಯಾಕೆ ಬೇಕು ಅಂತ ಕಾರಣ. ಟೆಕ್ಸಾಸಿನ ಯುವಾಲ್ಡೆಯಲ್ಲಿ 2022ರ ಮೇ 24ಕ್ಕೆ 19 ಮಕ್ಕಳು ಇಬ್ರು ಟೀಚರನ್ನ ಕೊಂದವನು ಹದಿನೆಂಟು ತುಂಬಿದ ಕೆಲವೇ ದಿನಕ್ಕೆ ಅಂಗಡಿಗೆ ಹೋಗಿ ರೈಫಲ್ ತಂದಿದ್ದ. ನಮ್ಮ ಸರ್ಕಾರಿ ಆಫೀಸಿನ ನಿಧಾನಕ್ಕೆ ನಾನು ಜೀವನದಲ್ಲಿ ಮೊದಲ ಸಲ ಕೈ ಮುಗಿದಿದ್ದು ಈ ಸುದ್ದಿ ಓದಿದಾಗ.

ನಮ್ಮ ಊರಲ್ಲೂ ಗುಂಡಿನ ಸದ್ದು ಕೇಳಿದೆ, ಮರೆತಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರ ಮನೆ ಮುಂದೆ. ಅದಕ್ಕೆ ಎರಡು ವರ್ಷ ಮುಂಚೆ ಧಾರವಾಡದಲ್ಲಿ ಕಲಬುರ್ಗಿಯವರ ಮನೆ ಬಾಗಿಲಲ್ಲಿ. ಆದ್ರೆ ಅವು ಕಾದು ಹೊಂಚು ಹಾಕಿ ಮಾಡಿದ ಕೊಲೆಗಳು, ನಾನಿವತ್ತು ಹೇಳ್ತಿರೋ ನಲವತ್ತು ಸೆಕೆಂಡಿನ ಕೋಪ ಅಲ್ಲ, ಎರಡನ್ನೂ ಒಂದೇ ಚೀಲಕ್ಕೆ ಹಾಕಲ್ಲ. ನಮ್ಮ ರೌಡಿಗಳ ಲೋಕದಲ್ಲೂ ಹೆಸರು ಮಾಡಿರೋದು ಲಾಂಗು ಮಚ್ಚು. ಮಚ್ಚಿಗೆ ಹತ್ರ ಹೋಗ್ಬೇಕು, ಓಡ್ಬೇಕು, ಎದುರಿನವನೂ ಓಡ್ತಾನೆ. ಮಚ್ಚು ಒಳ್ಳೇದು ಅಂತಲ್ಲಪ್ಪ, ಯಾರೋ ಅಲ್ಲಿ ನಗ್ತಿದೀರ.

ಬೆಂಗಳೂರಲ್ಲಿ ನಾವು ದಿನಾ ನೋಡೋ ಬಂದೂಕು ಯಾರ ಕೈಲಿದೆ ಹೇಳಿ? ಬ್ಯಾಂಕ್ ಮುಂದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿರೋ ಸೆಕ್ಯೂರಿಟಿಯವರ ಕೈಲಿ. ಜೋಡಿ ನಳಿಗೆ ಕೋವಿ, ಎಷ್ಟೋ ಜನ ಮಾಜಿ ಸೈನಿಕರು. ಅವರನ್ನ ನಾವು ಹೇಗೆ ಕರೀತೀವಿ? "ಏ ಸೆಕ್ಯೂರಿಟಿ, ಗಾಡಿ ಸ್ವಲ್ಪ ನೋಡ್ಕೋ." ಇಡೀ ರಸ್ತೆಯಲ್ಲಿ ಬಂದೂಕಿರೋದು ಅವರೊಬ್ಬರ ಹತ್ರ, ಎಲ್ರಿಗಿಂತ ಕಮ್ಮಿ ಮರ್ಯಾದೆನೂ ಅವರಿಗೇ, ಆದ್ರೂ ಕೋವಿ ಮೊಣಕಾಲ ಮೇಲೆ ಮಲಗಿರುತ್ತೆ. ಅದೇ ಕೋವಿ ಒಬ್ಬ ರಿಯಲ್ ಎಸ್ಟೇಟ್ ಸಾಹೇಬರ ಗನ್‌ಮ್ಯಾನ್ ಕೈಗೆ ಹೋಗ್ಲಿ, ಕಾರಿಂದ ಸಾಹೇಬರು ಇಳಿಯೋ ಸ್ಟೈಲೇ ಬೇರೆ. ಕಬ್ಬಿಣ ಒಂದೇ. ಒಬ್ಬರಿಗೆ ಅದು ಡ್ಯೂಟಿ, ಇನ್ನೊಬ್ಬರಿಗೆ ಮೀಸೆ.

ಹಾಗಾಗಿ ಸಂಸ್ಕೃತಿ ಅನ್ನೋದು ಇಲ್ಲಿ ಬರುತ್ತೆ. ಕೊಡಗು ತಗೊಳಿ. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಹಿಡುವಳಿ ಇರೋರಿಗೆ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿಂದ ವಿನಾಯ್ತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸ್ತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡೀತು. ನಾಟಿ ಮುಗಿದ ಮೇಲೆ ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತೆ, ಕೋವಿಗೆ ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡೋ ಪಂದ್ಯ, ಹೆಣ್ಣುಮಕ್ಕಳೂ ಹೊಡೀತಾರೆ. ಸಾವಾದ್ರೆ ಎರಡು ಗುಂಡು ಹಾರ್ಸಿ ಊರಿಗೆ ತಿಳಿಸ್ತಾರೆ. ಅಲ್ಲಿ ಕೋವಿ ಅನ್ನೋದು ಒಬ್ಬನ ಸೊಂಟದ್ದಲ್ಲ, ಐನ್‌ಮನೆಯದ್ದು, ಅಂದ್ರೆ ಇಡೀ ಕುಟುಂಬದ ಮೂಲಮನೆಯದ್ದು, ಹಿರೀಕರ ಕಣ್ಣ ಮುಂದೆ ಇರೋದು, ಯಾವಾಗ ಎತ್ಬೇಕು ಯಾವಾಗ ಎತ್ಬಾರ್ದು ಅನ್ನೋ ಕಟ್ಟುಪಾಡು ಜೊತೆಗೇ ಬಂದಿರುತ್ತೆ. ಅಲ್ಲಿ ಕೋವಿ ಹಿಡಿದು ಜಗಳ ಆಗಿಲ್ಲ ಅಂತಲ್ಲ, ಪೇಪರಲ್ಲಿ ಓದ್ತಾನೇ ಇರ್ತೀವಿ. ಆದ್ರೆ ಕೋವಿ ಜಾಸ್ತಿ ಇದ್ದ ಕಡೆಯೆಲ್ಲ ಸ್ಕೂಲಿಗೆ ನುಗ್ತಾರೆ ಅನ್ನೋ ಸರಳ ಲೆಕ್ಕ ಇಲ್ಲಿ ನಿಲ್ಲಲ್ಲ. ಹಾಗಂತ ಅದನ್ನ ಪೂರ್ತಿ ಹೊಗಳೋಕೂ ನನಗೆ ಬಾಯಿ ಬರಲ್ಲ, ಯಾಕಂದ್ರೆ ಅದೇ ಪದ್ಧತಿಯಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹಾರ್ಸ್ತಿದ್ರು. ಹೆಣ್ಣು ಹುಟ್ಟಿದ್ರೆ ಕಾಡು ಸುಮ್ನಿರ್ತಿತ್ತು.

ನಮ್ಮ ಮನೆ ಕತೆ ಹೇಳ್ತೀನಿ. ನಮ್ಮೂರು ತೀರ್ಥಹಳ್ಳಿ ಕಡೆ. ಹಂದಿ ಮಂಗನ ಕಾಟಕ್ಕೆ ಅಂತ ಬೆಳೆ ರಕ್ಷಣೆ ಲೈಸೆನ್ಸಿನ ಒಂದು ತೋಟಾ ಕೋವಿ ಇತ್ತು, ಒಳಕೋಣೆ ಗೋಡೆಯ ಗೂಟಕ್ಕೆ ನೇತು ಹಾಕಿರ್ತಿದ್ರು. ಎಲೆಕ್ಷನ್ ಬಂದ್ರೆ ಕೋವಿನ ಸ್ಟೇಷನ್ನಿಗೆ ಡೆಪಾಸಿಟ್ ಮಾಡ್ಬೇಕು, ಅದು ಈಗ್ಲೂ ಇದೆ, ಮಲೆನಾಡಿನ ರೈತರೆಲ್ಲ ಬೈತಾರೆ, ಹಂದಿಗೆ ನೀತಿ ಸಂಹಿತೆ ಗೊತ್ತಾಗುತ್ತಾ ಅಂತ. ಅಪ್ಪಯ್ಯನೂ ಬೈಕೊಂಡೇ ಕೊಟ್ಟು ಬರ್ತಿದ್ರು. 2004ರಲ್ಲಿ ಲೋಕಸಭೆ ವಿಧಾನಸಭೆ ಎರಡೂ ಒಟ್ಟಿಗೆ ಬಂತಲ್ಲ, ಏಪ್ರಿಲಲ್ಲಿ, ಸುಡು ಬೇಸಿಗೆ, ಅಡಿಕೆ ತೋಟಕ್ಕೆ ನೀರಿಲ್ಲ. ಕೆಳಮನೆಯವರು ರಾತ್ರೋರಾತ್ರಿ ಹಳ್ಳಕ್ಕೆ ಕಟ್ಟ ಹಾಕಿ ನೀರು ಅವರ ಕಡೆ ತಿರುಗಿಸ್ಕೊಂಡಿದ್ರು. ಅಪ್ಪಯ್ಯ ಕೇಳೋಕೆ ಹೋದ್ರು, ಮಾತಿಗೆ ಮಾತು ಬೆಳೀತು, ಕೊನೆಗೆ ಕೆಳಮನೆಯವರು ಹತ್ತು ಜನರ ಮುಂದೆ "ನಿನ್ನ ಕೈಲಾದ್ರೆ ಕಟ್ಟ ಒಡಿ, ಗಂಡಸಾದ್ರೆ ಬಾ" ಅಂದ್ರು. ಅಪ್ಪಯ್ಯ ಮಾತಾಡ್ದೆ ಮನೆಗೆ ಬಂದ್ರು, ಚಪ್ಪಲಿ ಕೂಡ ಬಿಡ್ದೆ ಸೀದಾ ಒಳಕೋಣೆಗೆ ಹೋದ್ರು. ನಾನು ರಜೆಗೆ ಬಂದಿದ್ದೆ, ಹಿಂದೇ ಓಡಿದೆ. ಗೂಟ ಖಾಲಿ ಇತ್ತು. ಅಪ್ಪಯ್ಯ ಗೋಡೆ ನೋಡ್ತಾ ನಿಂತಿದ್ರು, ಕೈ ಇನ್ನೂ ಮೇಲೇ ಇತ್ತು. ಎಷ್ಟೊತ್ತು ನಿಂತಿದ್ರೋ. ಆಮೇಲೆ ಹೊರಗೆ ಬಂದು ಹಂಡೆ ನೀರಲ್ಲಿ ಮುಖ ತೊಳ್ಕೊಂಡು, ಅಮ್ಮನ ಹತ್ರ ಮಜ್ಜಿಗೆ ಕೇಳಿದ್ರು.

ಅಪ್ಪಯ್ಯ ಕೆಟ್ಟವರಲ್ಲ. ಊರಲ್ಲಿ ಪಂಚಾಯ್ತಿ ಮಾಡೋಕೆ ಅವರನ್ನೇ ಕರೀತಿದ್ರು. ಕೋವಿ ಇದ್ದಿದ್ರೆ ಹೊಡೀತಿದ್ರಾ? ಗೊತ್ತಿಲ್ಲ, ಕೇಳೋ ಧೈರ್ಯ ಅವರು ಇರೋವರೆಗೂ ನನಗೆ ಬರ್ಲಿಲ್ಲ. ಆದ್ರೆ ಆ ಕೈ ಮೇಲೆ ಹೋಗಿದ್ದನ್ನ ನಾನು ನೋಡಿದೀನಿ.

ಇಸ್ರೇಲ್ ಸೈನ್ಯದಲ್ಲಿ ಹದಿನೆಂಟರಿಂದ ಇಪ್ಪತ್ತೊಂದರ ಹುಡುಗರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ರೈಫಲ್ ಜೊತೆಗೇ ತಗೊಂಡು ಹೋಗ್ತಿದ್ರು, ಆತ್ಮಹತ್ಯೆ ಜಾಸ್ತಿ ಆಗ್ತಿತ್ತು. 2006ರಲ್ಲಿ ಗನ್ ಬೇಸಲ್ಲೇ ಬಿಟ್ಟು ಹೋಗಿ ಅಂದ್ರು, ಆತ್ಮಹತ್ಯೆ ನೂರಕ್ಕೆ 40ರಷ್ಟು ಇಳೀತು. ಹುಡುಗರ ದುಃಖ ಇಳಿದಿರ್ಲಿಲ್ಲ, ಗೂಟ ಖಾಲಿ ಇತ್ತು ಅಷ್ಟೇ. ಸ್ವಿಟ್ಜರ್ಲೆಂಡಲ್ಲೂ 2003ರಲ್ಲಿ ಸೈನ್ಯದ ಗಾತ್ರ ಅರ್ಧ ಮಾಡಿ ಮನೆಮನೆಯಲ್ಲಿದ್ದ ಸೈನ್ಯದ ಬಂದೂಕು ಕಮ್ಮಿಯಾದಾಗ ಆ ವಯಸ್ಸಿನ ಗಂಡಸರ ಆತ್ಮಹತ್ಯೆ ಕಮ್ಮಿಯಾಯ್ತು. ಹೊಡೆಯೋ ಗಂಡನ ಕೈಗೆ ಬಂದೂಕು ಸಿಗೋ ಹಾಗಿದ್ರೆ ಆ ಹೆಂಗಸು ಕೊಲೆಯಾಗೋ ಅಪಾಯ ಸುಮಾರು ಐದು ಪಟ್ಟು ಅಂತ 2003ರ ಒಂದು ಅಮೆರಿಕನ್ ಅಧ್ಯಯನ ಹೇಳುತ್ತೆ. ಎಲ್ಲಾ ಕಡೆ ಅದೇ ಕತೆ, ಅವಮಾನ ಆರೋಕೆ ಟೈಮ್ ಬೇಕು, ಬಂದೂಕು ಆ ಟೈಮ್ ಕೊಡಲ್ಲ.

ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡ್ಕೊಂಡವರು 1,70,924 ಜನ, ಹತ್ತರಲ್ಲಿ ಏಳು ಗಂಡಸರು, ಹೆಚ್ಚುಕಮ್ಮಿ ಎಲ್ರೂ ಬಂದೂಕಿನ ಹಂಗೇ ಇಲ್ದೆ. ಹಾಗಾಗಿ ಬಂದೂಕು ತೆಗೆದ್ರೆ ಗಂಡಸರ ಕತೆ ಸರಿಹೋಯ್ತು ಅಂತಲ್ಲ. ಇದು ಕೇಳಿ ಯಾರಿಗಾದ್ರೂ ಎದೆ ಭಾರ ಆಗಿದ್ರೆ ಟೆಲಿ ಮಾನಸ್ ಅಂತ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಮ್ಮ ನಿಮ್ಹಾನ್ಸೇ ಅದರ ಹಿಂದೆ ಇರೋದು. ಗಂಡಸರೇ ನಂಬರ್ ಬರ್ಕೊಳಿ, ಪಕ್ಕದವರು ನೋಡ್ತಾರೆ ಅಂತ ಪೆನ್ನು ಒಳಗಿಡ್ಬೇಡಿ.

ಪ್ರಶ್ನೋತ್ತರದಲ್ಲಿ ಒಬ್ಬ ಹಿರಿಯರು, ಆಯುಧ ಪೂಜೆ ಮಾಡೋ ನಾಡು ನಮ್ಮದು, ಆಯುಧವನ್ನೇ ಹೀಗೆ ಬೈದ್ರೆ ಹೇಗೆ ಸರ್ ಅಂದ್ರು. ನಾನು ಬೈದಿಲ್ಲ ಸಾರ್, ಆವತ್ತು ಬಸ್ಸಿಗೂ ಕಂಪ್ಯೂಟರಿಗೂ ಕುಂಕುಮ ಇಡ್ತೀವಿ, ಪೂಜೆ ಮಾಡೋ ದಿನ ಆಯುಧ ಕೆಳಗೆ ಇಟ್ಟಿರ್ತೀವಲ್ಲ, ಅದು ನನಗೆ ತುಂಬಾ ಇಷ್ಟ ಅಂದೆ. ಅವರು ನಕ್ಕರು, ಒಪ್ಪಿದ್ರೋ ಇಲ್ವೋ.

ಕೊನೇಲಿ ಹಿಂದಿನ ಸಾಲಿಂದ ಒಬ್ಬ ಹುಡುಗ ಕೈ ಎತ್ತಿದ, ಹತ್ತೊಂಬತ್ತು ಇಪ್ಪತ್ತು ಇರ್ಬೇಕು. "ಸರ್, ಆ ಕಟ್ಟದ ಜಗಳ ಏನಾಯ್ತು?"

ಏನೂ ಆಗ್ಲಿಲ್ಲಪ್ಪ. ಅಪ್ಪಯ್ಯ ದಿನಾ ಸಾಯಂಕಾಲ ಹಳ್ಳದವರೆಗೆ ಹೋಗಿ, ಕಟ್ಟ ನೋಡ್ಕೊಂಡು, ಕೆಳಮನೆಯವರಿಗೆ ಕೇಳೋ ಹಾಗೆ ಬೈದು ವಾಪಸ್ ಬರ್ತಿದ್ರು. ಅವರೂ ಅಂಗಳದಲ್ಲಿ ನಿಂತು ಬೈತಿದ್ರು. ಹದಿನೈದು ದಿನ ಹೀಗೇ ನಡೀತು. ಹದಿನಾರನೇ ದಿನ ಗುಡುಗು ಸಿಡ್ಲು ಅಂತ ರಾತ್ರಿಯೆಲ್ಲ ಮಳೆ ಹೊಡೀತು. ಬೆಳಗ್ಗೆ ಎದ್ದು ನೋಡಿದ್ರೆ ಕಟ್ಟ ಕೊಚ್ಕೊಂಡು ಹೋಗಿತ್ತು, ಕೆಳಮನೆಯವರ ಪಂಪ್‌ಸೆಟ್ಟೂ ಮುಳುಗಿತ್ತು, ಅಪ್ಪಯ್ಯ ಪಂಚೆ ಮೇಲೆ ಕಟ್ಕೊಂಡು ಅದನ್ನ ಎತ್ತೋಕೆ ಹಗ್ಗ ಹಿಡ್ಕೊಂಡಿದ್ರು. ಕೌಂಟಿಂಗ್ ಮುಗಿದ ಮೇಲೆ ಕೋವಿ ಮನೆಗೆ ಬಂತು.